ನೀಲವ್ವ ನೆಲ ಬಿಟ್ಟ ತಿಂಗಳು

ನಮ್ಮ ಊರಿನಲ್ಲಿ ಏನಾದರೂ ನೆಲ ಬಿಟ್ಟು ಮೇಲೆದ್ದರೆ ಮೊದಲು ಹಗ್ಗ ತರುತ್ತೇವೆ, ಆಮೇಲೆ ಅರ್ಜಿ ಬರೆಯುತ್ತೇವೆ. ಹೊಸದಾಗಿ ವರ್ಗವಾಗಿ ಬಂದವರು ಗಾಬರಿಯಲ್ಲಿ ಮೊದಲು ಅರ್ಜಿಗೆ ಕೂರುತ್ತಾರೆ. ವಿಷಯ, ಉಲ್ಲೇಖ, ಮಾನ್ಯರೇ ಎಂದು ಬರೆದು ಮುಗಿಸುವಷ್ಟರಲ್ಲಿ ವಸ್ತು ಬೇವಿನ ಮರದ ತುದಿ ದಾಟಿರುತ್ತದೆ.

ಯಾವ ಸರ್ಕಾರವೂ ತನ್ನದೆಂದು ಒಪ್ಪಿಕೊಳ್ಳದ್ದು ಇಲ್ಲಿ ನೆಲದ ಮೇಲೆ ನಿಲ್ಲುವುದಿಲ್ಲ, ಅಷ್ಟೇ. ಬಸ್ ನಿಲ್ದಾಣದ ಕಲ್ಲುಬೆಂಚನ್ನೇ ನೋಡಿ. ಅದರ ಒಂದು ತುದಿ ಹೆದ್ದಾರಿಯ ಮೇಲಿದೆ, ಹೆದ್ದಾರಿ ಕೇಂದ್ರದ್ದು. ಇನ್ನೊಂದು ತುದಿ ನಿಲ್ದಾಣದೊಳಗಿದೆ, ನಿಲ್ದಾಣ ರಾಜ್ಯದ್ದು. ಅದರ ಕೆಳಗೆ ಬೀಳುವ ಕಡಲೆಕಾಯಿ ಸಿಪ್ಪೆ ಪುರಸಭೆಯದು. ಬೆಂಚು ಮಾತ್ರ ಯಾರದೂ ಅಲ್ಲ. ಏಳು ವರ್ಷದಿಂದ ಅದು ನೆಲಕ್ಕಿಂತ ಒಂದು ಗೇಣು ಮೇಲೆ, ನಾಲ್ಕು ಮೂಲೆಗೆ ಹಗ್ಗ ಕಟ್ಟಿಸಿಕೊಂಡು ತೇಲುತ್ತಿದೆ. ಮಂಡಿ ನೋಯುವವರಿಗೆ ಆ ಎತ್ತರವೇ ಹಿತ, ಕೂತು ಏಳುವುದು ಸುಲಭ. ದಯವಿಟ್ಟು ಇಳಿಸಬೇಡಿ ಎಂದು ಹಿರಿಯರ ಸಂಘದಿಂದ ಒಂದು ಮನವಿ ಹೋಗಿದೆ. ಅದಕ್ಕೆ ನಾನೂ ಸಹಿ ಹಾಕಿದ್ದೇನೆ.

ಇದಕ್ಕೆ ತದ್ವಿರುದ್ಧವೂ ಉಂಟು. ಇಬ್ಬರು ಮೂವರು ತಮ್ಮದೆಂದು ಹಟ ಹಿಡಿದದ್ದು ಭಾರವಾಗಿ ಹೂತುಹೋಗುತ್ತದೆ. ಹೆದ್ದಾರಿಯ ಸುಂಕದ ಕಟ್ಟೆ ಕಿಟಕಿಯ ಮಟ್ಟಕ್ಕೆ ಇಳಿದಿದೆ. ಒಳಗೆ ಕೂತ ಗುಮಾಸ್ತನ ಗದ್ದ ರಸ್ತೆಗೆ ಸಮ. ಲಾರಿಯವರು ಇಳಿದು ಕುಕ್ಕರಗಾಲಲ್ಲಿ ಕೂತು ಚೀಟಿ ಪಡೆಯುತ್ತಾರೆ, ಹಾಗೆಯೇ ಅವನಿಗೆ ಒಂದು ಲೋಟ ಚಹಾ ಕೆಳಗೆ ಇಳಿಸುತ್ತಾರೆ. ಹೆಂಡದ ಪರವಾನಗಿ ಕಚೇರಿಯಲ್ಲಿ ಹೊರಗೆ ಕಾಣುವುದು ಹೆಂಚು ಮಾತ್ರ, ಏಣಿ ಹಾಕಿ ಇಳಿಯಬೇಕು. ಒಳಗೆ ಬೇಸಿಗೆಯಲ್ಲೂ ತಂಪಂತೆ. ಆದರೆ ಚರಂಡಿಯ ಚಪ್ಪಡಿ, ಹೆರಿಗೆ ಕೋಣೆಯ ಮಂಚ ಇಂಥವು ಹೂತದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ.

ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪೌರನೀತಿ ಕಲಿಸಿದವಳು. ಊರಿನವರಿಗೆ ಈಗಲೂ ‘ಪೌರನೀತಿ ಟೀಚರ್’. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಮೂರು ಅಂಕಣ ಎಳೆದು ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಬರೆಯುತ್ತಿದ್ದೆ. ಒಂದು ವರ್ಷ ದಾಕ್ಷಾಯಣಿ ಎಂಬ ಚುರುಕು ಹುಡುಗಿ ಎದ್ದು ನಿಂತು, “ಮೂರರಲ್ಲೂ ಇಲ್ಲದ್ದು ಯಾರಿಗೆ ಟೀಚರ್?” ಎಂದಳು. “ಅದನ್ನು ಶೇಷಾಧಿಕಾರ ಎನ್ನುತ್ತಾರೆ, ಅದು ಕೇಂದ್ರಕ್ಕೆ” ಎಂದೆ. ಅದೇ ಹೊತ್ತಿಗೆ ಕಿಟಕಿಯ ಆಚೆ ಒಂದು ಚರಂಡಿ ಚಪ್ಪಡಿ ನಿಧಾನವಾಗಿ ಮೇಲೆ ಹೋಯಿತು. ಹುಡುಗಿಯರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಪುಸ್ತಕದಲ್ಲಿ ಇರುವುದನ್ನು ಬರೆದುಕೊಳ್ಳಿ” ಎಂದೆ.

ನಿವೃತ್ತಳಾಗಿ ಒಂಬತ್ತು ವರ್ಷವಾಯಿತು. ಒಬ್ಬಳೇ ಇರುವ ಅಭ್ಯಾಸ ನನಗೆ ಮೊದಲಿಂದಲೂ ಇತ್ತು, ಅದರಲ್ಲಿ ದೂರುವಂಥದ್ದೇನಿಲ್ಲ. ಹೊರಗೆ ಹೊರಟರೆ ಕೈಚೀಲದಲ್ಲಿ ಅಮ್ಮನ ಕಬ್ಬಿಣದ ಕುಟ್ಟಾಣಿ ಇಟ್ಟುಕೊಳ್ಳುತ್ತೇನೆ. ಕೇಳಿದವರಿಗೆ, ಈ ವಯಸ್ಸಿನಲ್ಲಿ ನಡಿಗೆ ಹದಕ್ಕೆ ಬರಲು ಸ್ವಲ್ಪ ಭಾರ ಬೇಕು ಎನ್ನುತ್ತೇನೆ. ನಮ್ಮ ಊರಿನವರು ಸಭ್ಯರು, ಯಾರೂ ಎರಡನೆಯ ಸಲ ಕೇಳಿಲ್ಲ.

ನಮ್ಮ ಮನೆಯ ಎದುರಿಗೇ ಅಂಗನವಾಡಿ. ಅದನ್ನು ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿರುವವಳು ನೀಲವ್ವ. ಅವಳೂ ನನ್ನ ವಿದ್ಯಾರ್ಥಿನಿಯೇ, ದಾಕ್ಷಾಯಣಿಯ ತರಗತಿಯವಳು. ಒಮ್ಮೆ ಅವಳನ್ನು ತರಗತಿಯ ನಾಯಕಿ ಮಾಡಿ ಹಾಜರಿ ಬರೆಯಲು ಹೇಳಿದ್ದೆ. ದಿನವೂ ನಲವತ್ತೊಂದು ಬರುತ್ತಿತ್ತು, ತರಗತಿಯಲ್ಲಿ ಇದ್ದವರು ನಲವತ್ತೆರಡು. ಒಂದು ವಾರ ನನಗೆ ತಲೆಬಿಸಿ. ಎಣಿಸುವವಳು ತನ್ನನ್ನು ಎಣಿಸಿಕೊಳ್ಳುತ್ತಿರಲಿಲ್ಲ.

ಮಾರ್ಚ್ ಮೂರನೆಯ ತಾರೀಖು ಬೆಳಿಗ್ಗೆ ಅವಳು ಎದುರಿನಿಂದ ಕರೆದಳು. “ಟೀಚರ್, ಸ್ವಲ್ಪ ಬರ್ತೀರಾ? ರಂಗೋಲಿ ಹಾಕಾಕೆ ನೆಲ ಸಿಗವಲ್ದು.”

ಹೋಗಿ ನೋಡಿದೆ. ಅವಳ ಚಪ್ಪಲಿ ಅಂಗಳದಲ್ಲಿದ್ದವು. ಪಾದಗಳು ಚಪ್ಪಲಿಗಿಂತ ನಾಲ್ಕು ಬೆರಳು ಮೇಲಿದ್ದವು. ಅವಳು ಬಗ್ಗಿದಷ್ಟೂ ಹಿಂದಿನಿಂದ ಮೇಲೇಳುತ್ತಿದ್ದಳು, ರಂಗೋಲಿ ಪುಡಿ ಗಾಳಿಯಲ್ಲಿ ಚೆಲ್ಲುತ್ತಿತ್ತು.

“ಯಾವಾಗಿನಿಂದ ಹೀಗೆ?”

“ಎದ್ದಾಗಲೇ ಚಾಪೆ ಬಿಟ್ಟು ಮ್ಯಾಲಿದ್ದೆ. ಕನಸು ಅಂದ್ಕಂಡೆ. ಹಲ್ಲುಜ್ಜಿದ್ರೂ ಇಳೀಲಿಲ್ಲ. ಬೇಲಿ ಹಿಡ್ಕಂಡು ಹೆಂಗೋ ಮನೆಯಿಂದ ಇಲ್ಲಿಗೆ ಬಂದೆ.”

ನಾನು ಅವಳ ಸೆರಗು ಹಿಡಿದುಕೊಂಡು ನಿಂತೆ. ಬೀದಿಯವರು ಖಾಸಿಂ ಸಾಬರನ್ನು ಕರೆಯಲು ಓಡಿದರು. ಖಾಸಿಂ ಸಾಬರು ಪುರಸಭೆಯ ಹಗ್ಗದ ಜವಾನ. ಇಡೀ ದೇಶದಲ್ಲಿ ಆ ಹುದ್ದೆ ಇರುವುದು ನಮ್ಮ ಊರಿನಲ್ಲಿ ಮಾತ್ರ ಎಂದು ಅವರಿಗೆ ಸಣ್ಣ ಹೆಮ್ಮೆ. ಬಂದವರು ಒಂದು ಗಂಟು ಹಾಕಿದ ಹುರಿಯಿಂದ ಎತ್ತರ ಅಳೆದರು. “ಇವತ್ತು ನಾಕು ಬೆರಳು. ಹಿಂಗೇ ದಿನಾ ಏರ್ತಾ ಹೋದ್ರೆ ತಿಂಗಳ ಕೊನೀಗೆ ಹೆಂಚು ಮುಟ್ತೀಯವ್ವ.”

“ಅಯ್ಯೋ, ಹೆಂಚಿಗೆ ತಾಗಿಸಬ್ಯಾಡ್ರಿ ಸಾಬ್ರೆ, ಆಗಲೇ ಎರಡು ಕಡೆ ಸೋರ್ತದೆ” ಎಂದಳು ನೀಲವ್ವ.

ಸಾಬರು ಹಗ್ಗವನ್ನು ಅವಳ ಸೊಂಟಕ್ಕೆ ಕಟ್ಟಿಸಿ ಇನ್ನೊಂದು ತುದಿಯನ್ನು ಬಾಗಿಲ ಚೌಕಟ್ಟಿಗೆ ಬಿಗಿದರು. ನಾನು ಆಮೇಲೆ ಗಮನಿಸಿದೆ, ಸೊಂಟಕ್ಕೆ ತಾಗುವ ಭಾಗಕ್ಕೆ ಅವರು ತಮ್ಮ ಹಳೆಯ ಲುಂಗಿಯನ್ನು ಸುತ್ತಿ ಹೊಲಿದು ತಂದಿದ್ದರು. ಪುರಸಭೆಯ ಹಗ್ಗದ ನಾರು ಚುಚ್ಚುತ್ತದೆ. ಬೆಂಚಿಗೆ, ಚಪ್ಪಡಿಗೆ ಚುಚ್ಚಿದರೆ ಪರವಾಗಿಲ್ಲ, ಆದರೆ ಇದು ಮನುಷ್ಯರ ಸೊಂಟ.

ಮನುಷ್ಯರು ಏಳುವುದು ಅಪರೂಪ. ಹಿಂದೆ ಒಬ್ಬ ಅಂಚೆಯಣ್ಣ ಅರ್ಧ ದಿನ ಎದ್ದಿದ್ದ. ಅವನ ವರ್ಗಾವಣೆ ಆದೇಶದಲ್ಲಿ ಹೆಸರಿದ್ದ ಕಾಗದ ಎರಡು ಸಲ ಮಡಚಿಕೊಂಡು ಮರೆಯಾಗಿತ್ತಂತೆ, ಬಿಡಿಸಿದ ಕೂಡಲೇ ಇಳಿದ. ನೀಲವ್ವನದು ಅಷ್ಟು ಸುಲಭವಾಗಿರಲಿಲ್ಲ. ಮಕ್ಕಳ ಪೋಷಣೆಯ ಯೋಜನೆಯನ್ನು ಕೇಂದ್ರ ಸರ್ಕಾರ ಆ ತಿಂಗಳಿಂದ ರಾಜ್ಯಕ್ಕೆ ಹಸ್ತಾಂತರಿಸಿತ್ತು. ಪ್ರತಿ ಅಂಗನವಾಡಿಯಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಿ ಕೇಂದ್ರ ಕೊಟ್ಟಿತ್ತು, ರಾಜ್ಯ ತೆಗೆದುಕೊಂಡಿತ್ತು. ಕಟ್ಟಡ ಕೂತಲ್ಲೇ ಇತ್ತು, ತಕ್ಕಡಿ ಕೂತಲ್ಲೇ ಇತ್ತು, ಮಕ್ಕಳಂತೂ ಕೂರಿಸಿದರೂ ಕೂರುತ್ತಿರಲಿಲ್ಲ, ಆದರೆ ನೆಲದ ಮೇಲೇ ಓಡುತ್ತಿದ್ದವು. ಎದ್ದವಳು ನೀಲವ್ವ ಒಬ್ಬಳೇ.

ಹಸ್ತಾಂತರದ ಕೊನೆಯ ದಿನ ಮಾರ್ಚ್ ಮೂವತ್ತೊಂದು. ಆ ದಿನದ ಅರ್ಥ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಸಂತೆ ಪೇಟೆಯಲ್ಲಿ ಮೊದಲು ಒಂದು ದೊಡ್ಡ ಗಡಿಯಾರವಿತ್ತು. ಅದರ ಹಸ್ತಾಂತರದ ಕೊನೆಯ ದಿನದವರೆಗೂ ಯಾರೂ ತಮ್ಮದೆನ್ನಲಿಲ್ಲ. ಮರುದಿನ ಹನ್ನೆರಡು ಹಗ್ಗಗಳೂ ನೂಲಿನಂತೆ ತುಂಡಾದವು. ಅದು ಹೋಯಿತು. ಮೋಡವಿಲ್ಲದ ಸಂಜೆ ಈಗಲೂ ಒಂದು ಚುಕ್ಕಿಯಾಗಿ ಕಾಣುತ್ತದೆ ಎನ್ನುತ್ತಾರೆ. ಆರು ಹೊಡೆಯುವುದು ನನಗೇ ಒಮ್ಮೆ ಕೇಳಿದಂತಾಗಿತ್ತು. ಆದ್ದರಿಂದ ಇಪ್ಪತ್ತೆಂಟು ದಿನದೊಳಗೆ ಯಾರಾದರೂ ನೀಲವ್ವನನ್ನು ತಮ್ಮವಳು ಎನ್ನಬೇಕಿತ್ತು. ಇಲ್ಲದಿದ್ದರೆ ಸಾಬರ ಲುಂಗಿಯೂ ಅವಳನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ.

ಅಂಗನವಾಡಿಗೆ ಆ ತಿಂಗಳು ಒಂದು ದಿನವೂ ರಜೆ ಇರಲಿಲ್ಲ. ಅವಳು ಮೇಲಿನಿಂದಲೇ ಅನ್ನ ಬಡಿಸಿದಳು. ಸೌಟಿಗೆ ಬಿದಿರಿನ ಕೋಲು ಕಟ್ಟಿಕೊಂಡಳು. ಮಕ್ಕಳಿಗಂತೂ ಹಬ್ಬ. ಕಾಗೆ ಗುಬ್ಬಿ ಪದ್ಯ ಹೇಳಿಕೊಡುವಾಗ ಟೀಚರ್ ನಿಜವಾಗಿಯೂ ತೇಲಿದರೆ ಯಾವ ಮಗು ಮನೆಗೆ ಹೋಗುತ್ತದೆ? ನಾಲ್ಕು ಮಕ್ಕಳು ಮೈಗೆ ಜೋತುಬಿದ್ದರೆ ಅವಳ ಹೆಬ್ಬೆರಳು ನೆಲಕ್ಕೆ ತಾಗುತ್ತದೆ ಎಂಬುದನ್ನು ಅವರೇ ಕಂಡುಹಿಡಿದರು. ತಾಯಂದಿರು ಸರದಿ ಹಾಕಿದರು. ಸಂಜೆ ಅವಳು ಮನೆಗೆ ಹೊರಟಾಗ ನಾಲ್ಕು ಗುಂಡುಗುಂಡಾದ ಮಕ್ಕಳು ಭಾರಕ್ಕೆಂದು ಜೊತೆಗೆ ಹೋಗಬೇಕು, ತಲುಪಿಸಿದ ಮೇಲೆ ಅವರನ್ನು ಕರೆತರಲು ಅಪ್ಪಂದಿರು. ಸಣಕಲು ಮಗುವಿನ ತಾಯಿಯೊಬ್ಬಳು, “ನಮ್ಮದನ್ನ ಯಾಕೆ ಸೇರಿಸಂಗಿಲ್ಲ?” ಎಂದು ಜಗಳಕ್ಕೇ ಬಂದಿದ್ದಳು. ನೀಲವ್ವ ಆ ಮಗುವಿನ ಜೇಬಿಗೆ ಎರಡು ಬೆಣಚುಕಲ್ಲು ಹಾಕಿ ಸರದಿಗೆ ಸೇರಿಸಿಕೊಂಡಳು.

ನಾನು ಕುಟ್ಟಾಣಿಯ ಚೀಲ ಹಿಡಿದು ಕಚೇರಿಗಳಿಗೆ ಹೊರಟೆ. ಮೊದಲು ಕೇಂದ್ರದ ಕಚೇರಿ. ಅಲ್ಲಿಯ ಅಧಿಕಾರಿ ಭಟ್ನಾಗರ್ ಎಂಬವರು, ದೂರದವರು. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತು ಶುದ್ಧವಾಗಿ ಆಡುತ್ತಿದ್ದರು.

“ತಾವು ದಯಮಾಡಿ ಆಸೀನರಾಗಿ, ಮಾತೆ” ಎಂದರು. ನಾನು ಆಸೀನಳಾದೆ. “ಆ ಮಹಿಳೆಯು ನಮ್ಮ ನೌಕರಳಲ್ಲ. ಆಕೆಯದು ಗೌರವ ಸೇವೆ. ನಮ್ಮ ಬಳಿ ಎಂದೂ ಇಲ್ಲದಿದ್ದುದನ್ನು ನಾವು ಹೇಗೆ ಕೊಡೋಣ?”

“ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದಾಳೆ.”

“ಅದಕ್ಕಾಗಿಯೇ ನಾವು ಗೌರವವನ್ನು ಹೊಂದಿದ್ದೇವೆ” ಎಂದರು. ಅವರ ಮುಖದಲ್ಲಿ ಕುಹಕವಿರಲಿಲ್ಲ, ಸಂಕಟವಿತ್ತು. ಬಾಗಿಲವರೆಗೆ ಬಂದು ನನ್ನ ಚೀಲ ಹಿಡಿದುಕೊಂಡರು, ಅದರ ಭಾರಕ್ಕೆ ಒಂದು ಕ್ಷಣ ಬೆರಗಾದರು, ಏನೂ ಕೇಳದೆ ಹಿಂದಿರುಗಿಸಿದರು.

ರಾಜ್ಯದ ಕಚೇರಿ ರಸ್ತೆಯ ಆಚೆ ಬದಿಗಿತ್ತು. ಅಲ್ಲಿಯ ಅಧಿಕಾರಿ ರುದ್ರಮುನಿ ನಮ್ಮ ಕಡೆಯವರೇ. ಯಾವಾಗಲೂ ಊಟಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡುವ, ಆದರೆ ಊಟ ಸಿಗದ ಮನುಷ್ಯ.

“ಅಲ್ರೀ ಟೀಚರ್, ಕೊಟ್ಟಿದ್ದನ್ನ ತಗೊಂಡೀವಿ. ಕೊಡದಿದ್ದುದನ್ನ ಹೆಂಗ ತಗೊಳ್ಳೋದು? ಅದು ಕಳ್ಳತನ ಆಗ್ತದ. ಮತ್ತ, ಇಂಥೋರು ಒಬ್ಬರಾ ಇಬ್ಬರಾ? ಸಾವಿರಾರು ಮಂದಿ ಅದಾರ. ಒಬ್ಬಾಕಿನ್ನ ನಮ್ಮಾಕಿ ಅಂದ್ರ ಎಲ್ಲಾರ್ನೂ ಅನ್ನಬೇಕಾಗ್ತದ.”

“ಬೇರೆ ಊರುಗಳಲ್ಲಿ ಯಾರೂ ಮೇಲೇಳುತ್ತಿಲ್ಲವಲ್ಲ?”

“ಅಲ್ಲೆ ಅವರು ನೆಲದ ಮ್ಯಾಲೇ ಅದಾರ” ಎಂದು ಅವರು ದನಿ ತಗ್ಗಿಸಿದರು. “ಅದಕ್ಕ ಯಾರಿಗೂ ಕಾಣಂಗಿಲ್ಲ.”

ಪುರಸಭೆಯ ಮುಖ್ಯಾಧಿಕಾರಿ ಯಾರೆಂದರೆ ಅದೇ ದಾಕ್ಷಾಯಣಿ. ನನ್ನನ್ನು ಕಂಡು ಎದ್ದು ನಿಂತಳು, ತರಗತಿಯಲ್ಲಿ ನಿಂತಂತೆಯೇ. “ಟೀಚರ್, ನನ್ನ ಕೈಯಲ್ಲಿ ಇರೋದು ಚರಂಡಿ, ಬೀದಿದೀಪ, ಬೀದಿನಾಯಿ. ಇದರಲ್ಲಿ ಯಾವುದಕ್ಕೆ ಸೇರಿಸ್ಲಿ ಹೇಳಿ, ಈಗಲೇ ಸೇರಿಸ್ತೀನಿ. ನನ್ನ ಪಕ್ಕದಲ್ಲಿ ಕೂತು ಓದಿದವಳು.”

ನಾವು ಯೋಚಿಸಿ ಬೀದಿದೀಪವನ್ನು ಆರಿಸಿದೆವು. ಮೂರರಲ್ಲಿ ಅದೇ ಮರ್ಯಾದೆಯದು. ಆಸ್ತಿ ಪುಸ್ತಕದಲ್ಲಿ ನೂರನಲವತ್ತೆಂಟನೆಯ ದೀಪ, ಅಂಗನವಾಡಿ ಬಾಗಿಲು ಎಂದು ದಾಕ್ಷಾಯಣಿ ತಾನೇ ಬರೆದಳು. ನಾನು ಮನೆ ತಲುಪುವಷ್ಟರಲ್ಲಿ ನೀಲವ್ವ ನೆಲದ ಮೇಲೆ ನಿಂತು ರಂಗೋಲಿ ಎಳೆಯುತ್ತಿದ್ದಳು. ಎಂಟು ದಿನದ ರಂಗೋಲಿ ಒಟ್ಟಿಗೇ. ಖಾಸಿಂ ಸಾಬರು ಹಗ್ಗ ಸುತ್ತಿಟ್ಟರು. ಬೀದಿಯವರೆಲ್ಲ ಮಂಡಕ್ಕಿ ಹಂಚಿಕೊಂಡು ತಿಂದೆವು.

ಸಂಜೆ ಆರಕ್ಕೆ ದೀಪ ಪರೀಕ್ಷಿಸುವ ತಿಪ್ಪೇಶಿ ಏಣಿ ಹೊತ್ತು ಬಂದ. ಪುಸ್ತಕ ತೆರೆದು, ನೀಲವ್ವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. “ಅಕ್ಕಾರೆ, ನೂರನಲವತ್ತೆಂಟು ನೀವೇನಾ?”

“ಹೌದಪ್ಪ.”

“ಬೇಜಾರ್ ಮಾಡ್ಕಬ್ಯಾಡ್ರಿ, ಕೇಳಬೇಕಾಗ್ತದೆ. ಉರೀತೀರಾ?”

ನಾವೆಲ್ಲ ಹಿಂದಿನಿಂದ ಹೂಂ ಅನ್ನು, ಹೂಂ ಅನ್ನು ಎಂದು ಸನ್ನೆ ಮಾಡಿದೆವು. ತಿಪ್ಪೇಶಿಯೂ ಹೂಂ ಅನ್ನಲಿ ಎಂದು ಕಾಯುತ್ತ ಪೆನ್ನನ್ನು ಆ ಖಾನೆಯ ಮೇಲೆಯೇ ಇಟ್ಟುಕೊಂಡು ನಿಂತಿದ್ದ. ಆದರೆ ದಿನವೂ ಮೂವತ್ತೊಂದು ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸುವವಳು ಅವಳು. ಸುತ್ತ ಅದೇ ಮಕ್ಕಳು ನಿಂತಿದ್ದವು.

“ಇಲ್ಲಪ್ಪ” ಎಂದಳು. ತಿಪ್ಪೇಶಿ ನಿಟ್ಟುಸಿರುಬಿಟ್ಟು ಗೆರೆ ಎಳೆದ. ಅವಳ ಹಿಮ್ಮಡಿ ನೆಲ ಬಿಟ್ಟಿತು, ನೋಡುತ್ತಿದ್ದಂತೆ ಮೊದಲಿನ ಎತ್ತರಕ್ಕೇ ಏರಿದಳು. ಹೋಗುವ ಮುನ್ನ ಅವನು ತನ್ನ ಏಣಿಯನ್ನು ಅಲ್ಲೇ ಬಿಟ್ಟುಹೋದ, ಅವಳಿಗೆ ನೀರು ಕೊಡಲು ಬೇಕಾಗುತ್ತದೆಂದು.

ಇಪ್ಪತ್ತನೆಯ ತಾರೀಖಿನ ಹೊತ್ತಿಗೆ ಅವಳು ಒಂದಾಳೆತ್ತರದಲ್ಲಿದ್ದಳು. ಮನೆಗೆ ಹೋಗುವುದು ನಿಂತಿತು. ಅಂಗನವಾಡಿಯ ಸೂರಿನ ಕೆಳಗೆ, ಜಂತೆಗೆ ಕಟ್ಟಿದ ಸೀರೆಯೊಳಗೆ ಮಲಗುತ್ತಿದ್ದಳು. ಅವಳು ನಗುತ್ತಲೇ ಇದ್ದಳು. ಆದರೆ ಒಂದು ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ಮೇಲಿನಿಂದ ಮೆಲ್ಲಗೆ ಕೇಳಿದಳು, “ಟೀಚರ್, ಅಷ್ಟು ಎತ್ತರದಾಗೆ ಚಳಿ ಇರ್ತದಾ?” ನಾನು ಪೌರನೀತಿಯವಳು, ಭೂಗೋಳ ನನಗೆ ಗೊತ್ತಿಲ್ಲ ಎಂದೆ. ಮನೆಗೆ ಬಂದು ನನ್ನ ಉಣ್ಣೆಯ ಶಾಲನ್ನು ತೆಗೆದು ಬಿಸಿಲಿಗೆ ಹಾಕಿದೆ. ಹಾಕಿ, ನನ್ನ ಮೇಲೇ ಸಿಟ್ಟು ಬಂದು ಮತ್ತೆ ಮಡಚಿಟ್ಟೆ. ನೇರವಾಗಿ ರುದ್ರಮುನಿಯ ಬಳಿ ಹೋಗಿ, ಆ ಹಸ್ತಾಂತರದ ಪಟ್ಟಿಯ ಪ್ರತಿ ಕೊಡಿ, ನೋಡದೆ ನಾನು ಏಳುವುದಿಲ್ಲ ಎಂದೆ. ಕೊಟ್ಟರು.

ಕಟ್ಟಡ ಒಂದು. ತಕ್ಕಡಿ ಒಂದು. ಅಕ್ಕಿ ಡಬ್ಬಿ ಎರಡು. ಸೌಟು ಮೂರು, ಒಂದರ ಹಿಡಿ ಸಡಿಲ. ಗಂಡುಮಕ್ಕಳು ಹದಿನಾಲ್ಕು, ಹೆಣ್ಣುಮಕ್ಕಳು ಹದಿನೇಳು. ಮರದ ಕುದುರೆ ಒಂದು, ಬಾಲವಿಲ್ಲ. ಕೆಳಗೆ ಅಂಗಳದ ನುಗ್ಗೆಮರದವರೆಗೆ ಎಲ್ಲವೂ ಇತ್ತು. ಅಕ್ಷರ ಗುಂಡಗೆ, ಒತ್ತು ಸ್ವಲ್ಪ ಎಡಕ್ಕೆ. ಆ ಅಕ್ಷರವನ್ನು ನಾನು ಮೂರು ವರ್ಷ ತಿದ್ದಿದ್ದೆ.

ಅಂಗನವಾಡಿಗೆ ಬಂದು ಏಣಿ ಹತ್ತಿ ಅವಳ ಮುಖಕ್ಕೆ ಕಾಗದ ಹಿಡಿದೆ. “ಇದನ್ನು ಬರೆದವರು ಯಾರು?”

“ನಾನೇ ಟೀಚರ್. ಸಾಹೇಬ್ರು ಇರೋದನ್ನೆಲ್ಲ ಬರಿ ಅಂದಿದ್ರು.”

“ನಿನ್ನ ಹೆಸರು ಎಲ್ಲೇ?”

ಅವಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ನಿಜವಾಗಿಯೂ ಹುಡುಕಿದಳು. “ನಾನೇನು ಸಾಮಾನಾ ಟೀಚರ್, ಬರ್ಕೊಳಾಕೆ?”

ಏಣಿಯ ಮೇಲೆ ನಿಂತು ಕೋಪ ಮಾಡಿಕೊಳ್ಳುವುದು ನನ್ನ ವಯಸ್ಸಿನವರಿಗೆ ಕಷ್ಟ. “ನಲವತ್ತೊಂದು” ಎಂದಷ್ಟೇ ಹೇಳಿದೆ. ಅವಳಿಗೆ ನೆನಪಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ನಗು ನಿಂತಿತು.

ಪಟ್ಟಿಗೆ ಒಂದು ಸಾಲು ಸೇರಿಸಬೇಕು, ಅಷ್ಟೇ ತಾನೇ ಎಂದುಕೊಂಡೆ. ಆದರೆ ಸಾಲಿನ ಎಡಕ್ಕೆ ‘ಕೊಟ್ಟವರು’ ಎಂದು ಕೇಂದ್ರದ ಸಹಿ ಬೇಕು, ಬಲಕ್ಕೆ ‘ಪಡೆದವರು’ ಎಂದು ರಾಜ್ಯದ ಸಹಿ ಬೇಕು. ಅವರು ಮಾಡಿದರೆ ಮಾಡುತ್ತೇವೆ ಎಂದು ಇವರು, ಇವರು ಮಾಡಿದರೆ ಮಾಡುತ್ತೇವೆ ಎಂದು ಅವರು. ನಾನು ರಸ್ತೆ ದಾಟಿದ ಲೆಕ್ಕ ಇಟ್ಟಿಲ್ಲ. ಹೆದ್ದಾರಿಯ ಲಾರಿಯವರು ನನ್ನ ಗುರುತು ಹಿಡಿದು ತಾವಾಗಿಯೇ ನಿಲ್ಲಿಸುತ್ತಿದ್ದರು. ಕೊನೆಗೆ ದಾಕ್ಷಾಯಣಿ ಮೂವತ್ತೊಂದನೆಯ ತಾರೀಖು ಹನ್ನೊಂದು ಗಂಟೆಗೆ ಅಂಗನವಾಡಿಯಲ್ಲೇ ಜಂಟಿ ಸಭೆ ಕರೆದಳು. ವಿಷಯ ಬರಲಾರದಿದ್ದಾಗ ಸಭೆಯೇ ವಿಷಯದ ಬಳಿಗೆ ಹೋಗಬೇಕು ಎಂದು ನೋಟಿಸಿನಲ್ಲಿ ಬರೆದಿದ್ದಳು.

ಭಟ್ನಾಗರ್ ಅವರು ತಮ್ಮ ಕುರ್ಚಿಯನ್ನು ತಾವೇ ತರಿಸಿದರು, ರುದ್ರಮುನಿಯವರು ತಮ್ಮದನ್ನು. ಎರಡನ್ನೂ ಒಂದೇ ಎತ್ತರದಲ್ಲಿ ಹಾಕಲು ಖಾಸಿಂ ಸಾಬರು ಒಂದರ ಕಾಲಿಗೆ ಚೂರು ಇಟ್ಟಿಗೆ ಕೊಟ್ಟರು. ಆ ಹೊತ್ತಿಗೆ ನೀಲವ್ವನ ನೆತ್ತಿ ಹೆಂಚಿಗೆ ತಾಗುತ್ತಿತ್ತು. ಬಿಸಿಲಿಗೆ ಕಾದ ಹೆಂಚು ಸುಡದಿರಲಿ ಎಂದು ಸಣಕಲು ಮಗುವಿನ ತಾಯಿ ಅವಳ ತಲೆಗೆ ಒದ್ದೆ ಟವಲು ಕಟ್ಟಿದ್ದಳು.

“ಮೊದಲು ತಾವು” ಎಂದರು ಭಟ್ನಾಗರ್.

“ಛೇ ಛೇ, ದೊಡ್ಡೋರು ನೀವು, ಮೊದಲ ನೀವ” ಎಂದರು ರುದ್ರಮುನಿ.

ಹೀಗೆ ಒಂದೂಕಾಲು ಗಂಟೆ. ನಾನು ಶೇಷಾಧಿಕಾರದ ಮಾತು ತೆಗೆದೆ. ಭಟ್ನಾಗರ್ ಗಂಭೀರವಾಗಿ, “ಮಾತೆ, ಅದು ವಿಷಯಗಳಿಗೆ ಅನ್ವಯಿಸುತ್ತದೆ, ಮನುಷ್ಯರಿಗಲ್ಲ” ಎಂದರು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿನಿಯೂ ಅಷ್ಟು ಒಳ್ಳೆಯ ಉತ್ತರ ಬರೆದಿರಲಿಲ್ಲ.

ಹನ್ನೆರಡೂಕಾಲಿಗೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತವು. ನೀಲವ್ವ ಮೇಲಿನಿಂದ, “ಸಾಹೇಬ್ರೆ, ತಪ್ಪು ತಿಳೀಬ್ಯಾಡ್ರಿ, ಹೊತ್ತಾತು. ದೊಡ್ಡೋರು ರುಚಿ ನೋಡಿ ಪುಸ್ತಕದಾಗೆ ಬರೀದಿದ್ರೆ ಮಕ್ಕಳಿಗೆ ಬಡಿಸಂಗಿಲ್ಲ. ಇವತ್ತು ನೀವೇ ಅದೀರಿ, ನೋಡಿಬಿಡ್ರಿ” ಎಂದಳು.

ಅದು ಆ ಅಂಗನವಾಡಿಯ ನಿಯಮ. ಮಕ್ಕಳು ಉಣ್ಣುವ ಮೊದಲು ದೊಡ್ಡವರೊಬ್ಬರು ಉಂಡು ಸಹಿ ಹಾಕಬೇಕು. ದಿನವೂ ನಾನೋ ಸಾಬರೋ ಹಾಕುತ್ತಿದ್ದೆವು. ಅವಳು ಉದ್ದನೆಯ ಸೌಟಿನಿಂದ ಇಬ್ಬರಿಗೂ ನುಗ್ಗೆಸೊಪ್ಪಿನ ಉಪ್ಪಿಟ್ಟು ಇಳಿಸಿದಳು. “ಕೈ ತೊಳ್ಕೊಂಡ್ರಾ?” ಎಂದು ಕೇಳಿದಳು. ಇಬ್ಬರು ಅಧಿಕಾರಿಗಳೂ ಎದ್ದು ಹೋಗಿ ಕೈ ತೊಳೆದು ಬಂದರು. ಮೂವತ್ತೊಂದು ಜೋಡಿ ಕಣ್ಣು ಅವರ ಬಾಯಿಯನ್ನೇ ನೋಡುತ್ತಿದ್ದವು. ಒಂದು ಮಗು ಸಹಿಸಲಾರದೆ, “ಬೇಗ ಅಗೀರಿ” ಎಂದಿತು.

ರುದ್ರಮುನಿಯವರು ಹೊತ್ತಿಗೆ ಸರಿಯಾಗಿ ಉಂಡದ್ದು ಎಷ್ಟು ವರ್ಷದ ಮೇಲೋ. ಎರಡನೆಯ ಸಲ ಹಾಕಿಸಿಕೊಂಡರು. ಪುಸ್ತಕ ಬಂತು. ರುಚಿ ಹೇಗಿದೆ, ಉಪ್ಪು ಸರಿಯೇ, ಬಡಿಸಿದ ಕಾರ್ಯಕರ್ತೆಯ ಹೆಸರು, ಉಂಡವರ ಸಹಿ. ಸಹಿ ಹಾಕುವುದು ಅಧಿಕಾರಿಗಳಿಗೆ ಕೈಯ ಅಭ್ಯಾಸ. ಹೆದರುವುದು ಹೊಣೆಯಿರುವ ಕಾಗದಕ್ಕೆ, ಉಪ್ಪಿಟ್ಟಿಗಲ್ಲ. ಭಟ್ನಾಗರ್ ಅವರು ‘ಅತ್ಯಂತ ಸ್ವಾದಿಷ್ಟ, ಲವಣವು ಸಮುಚಿತ, ಶ್ರೀಮತಿ ನೀಲವ್ವ, ಈ ಅಂಗನವಾಡಿಯ ಕಾರ್ಯಕರ್ತೆ’ ಎಂದು ಬರೆದು ಸಹಿ ಮಾಡಿದರು. ಕೆಳಗೆ ರುದ್ರಮುನಿಯವರು ‘ಅದೇ ರೀತಿ’ ಎಂದು ಬರೆದು ಸಹಿ ಮಾಡಿದರು.

ಮೇಲೆ ಹೆಂಚು ಕಿರಗುಟ್ಟಿತು. ಒದ್ದೆ ಟವಲು ನಮ್ಮ ಮುಖದ ಮಟ್ಟಕ್ಕೆ ಬಂತು, ಆಮೇಲೆ ನೀಲವ್ವನ ಮುಖ, ಸೌಟು. ಅವಳ ಎರಡೂ ಪಾದ ಸಿಮೆಂಟಿನ ನೆಲದ ಮೇಲೆ ಸದ್ದಿಲ್ಲದೆ ನಿಂತವು.

ಭಟ್ನಾಗರ್ ಪುಸ್ತಕವನ್ನು ನೋಡಿದರು. “ನಾನು ಉಪ್ಪಿಟ್ಟಿಗೆ ಮಾತ್ರ ಸಹಿ ಮಾಡಿದ್ದು” ಎಂದರು.

“ಅದು ತಾನಾಗಿಯೇ ಬಡಿಸಿಕೊಳ್ಳುವುದಿಲ್ಲವಲ್ಲ” ಎಂದೆ.

ಅವರು ಪೆನ್ನನ್ನು ಮತ್ತೆ ತೆರೆದರು. ಒಂದು ಗೆರೆ ಎಳೆದರೆ ಸಾಕು, ತಿಪ್ಪೇಶಿ ಎಳೆದಂತೆ. ಆ ಪೆನ್ನಿನ ತುದಿ ಕಾಗದದ ಮೇಲೆ ನಿಂತಿತು. ಅವರು ನೀಲವ್ವನ ಪಾದಗಳನ್ನು ನೋಡಿದರು. ಅವಳು ಆಗಲೇ ಮಕ್ಕಳ ಸಾಲಿಗೆ ಬಡಿಸತೊಡಗಿದ್ದಳು, ಬಗ್ಗಿ, ಗಿಡ್ಡ ಸೌಟಿನಲ್ಲಿ. ಭಟ್ನಾಗರ್ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡರು. “ಲವಣವು ನಿಜವಾಗಿಯೂ ಸಮುಚಿತವಾಗಿತ್ತು” ಎಂದರು. ಅದಕ್ಕೆ ರುದ್ರಮುನಿಯವರು ಚೀಲದಿಂದ ಮೊಹರು ತೆಗೆದು, ಬಾಯಿಂದ ಒಂದು ಸಲ ಊದಿ, ತಮ್ಮ ಸಹಿಯ ಮೇಲೆ ಒತ್ತಿಬಿಟ್ಟರು.

“ನಾನೂ ಉಂಡಿದೀನಿ” ಎಂದು ದಾಕ್ಷಾಯಣಿ ಖುಷಿಯಲ್ಲಿ ಮೂರನೆಯ ಸಹಿ ಹಾಕಿದಳು. ನೀಲವ್ವ ನಿಂತಲ್ಲೇ ಎರಡು ಬೆರಳು ಸಿಮೆಂಟಿನೊಳಗೆ ಹೂತಳು. “ಸಾಕ್ರೀ ಮೇಡಂ!” ಎಂದು ಖಾಸಿಂ ಸಾಬರು ಕೂಗಿದರು. “ಇನ್ನೊಬ್ರು ಸಹಿ ಹಾಕಿದ್ರೆ ಇಲ್ಲೊಂದು ಬಾವಿ ಆಗ್ತದೆ.” ಅಂಗನವಾಡಿಯೊಳಗೆ ಒಬ್ಬರು ಹೂತದ್ದನ್ನು ಕಂಡದ್ದು ಅದೇ ಮೊದಲು. ಆ ಎರಡು ಹೆಜ್ಜೆಗುರುತು ಈಗಲೂ ಇವೆ, ಮಕ್ಕಳು ಅದರಲ್ಲಿ ಪಾದ ಇಟ್ಟು ಅಳೆದುಕೊಳ್ಳುತ್ತವೆ.

ಪಟ್ಟಿಯ ಕೊನೆಯಲ್ಲಿ ಅವಳ ಸಾಲು ಸೇರಿಸುವುದು ಆಮೇಲೆ ಬರೀ ಬರವಣಿಗೆಯ ಕೆಲಸವಾಗಿತ್ತು. ನಾನು ಪೆನ್ನನ್ನು ಅವಳ ಕೈಗೇ ಕೊಟ್ಟೆ. ಅವಳು ನಾಚಿಕೊಂಡು, ನುಗ್ಗೆಮರದ ಕೆಳಗೆ ತನ್ನ ಸಾಲು ಬರೆದಳು. ಬರೆದು ನಿಲ್ಲಿಸಲಿಲ್ಲ, ಇನ್ನೂ ಒಂದು ಸಾಲು ಬರೆಯುತ್ತಿದ್ದಳು. ನಾನು ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಓದಿದೆ. ‘ಟೀಚರ್, ಒಂದು. ಎದುರು ಮನೆ ಟೀಚರ್, ಒಂದು. ಮಧ್ಯಾಹ್ನ ಕಥೆ ಹೇಳಲು.’

“ಇದೇನೇ ಇದು?”

“ಇರೋದನ್ನೆಲ್ಲ ಬರಿ ಅಂದಿದಾರಲ್ಲ” ಎಂದಳು, ನನ್ನ ಕಡೆ ನೋಡದೆ.

ನಿವೃತ್ತಳಾದ ಮರುದಿನದಿಂದ ನನ್ನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಹೆಚ್ಚೇನಲ್ಲ, ನಡುವೆ ಒಂದು ಪೋಸ್ಟ್ ಕಾರ್ಡು ತೂರಿಸಬಹುದು, ಅಷ್ಟು. ಒಂಬತ್ತು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಆದರೆ ದಿನವೂ ಬಗ್ಗಿ ರಂಗೋಲಿ ಹಾಕುವವಳಿಗೆ ಎದುರು ಮನೆಯವರ ಪಾದವೇ ಮೊದಲು ಕಾಣುತ್ತದೆ.

ಭಟ್ನಾಗರ್ ಕೊಟ್ಟರು. ರುದ್ರಮುನಿ ಪಡೆದರು. ಯಾರೂ ಏನೂ ಕೇಳಲಿಲ್ಲ. ಅಂದು ಸಂಜೆ ನಾನು ಕುಟ್ಟಾಣಿಯ ಚೀಲವನ್ನು ಅಂಗನವಾಡಿಯಲ್ಲೇ ಬಿಟ್ಟು, ಎದುರಿನ ನನ್ನ ಮನೆಗೆ ಬರಿಗೈಯಲ್ಲಿ ನಡೆದು ಬಂದೆ. ಅಂಗಳದ ಮಣ್ಣು ಹಗಲಿನ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.